ಗೆಳೆಯರ ಹರಟೆಯನ್ನು ಬೇರೆಯವರೂ ಕೇಳುವಂತಹ ಪಾಡ್‌ಕಾಸ್ಟ್ ಮಾಡುವುದು: ವಿಷಯ ಆರಿಸುವುದರಿಂದ ಬಿಡುಗಡೆಯವರೆಗೆ

ದಿನನಿತ್ಯದ ಬದುಕು, ಸುತ್ತಲಿನ ಜನ, ತಾವು ಬರೆಯುವ, ಬಿಡಿಸುವ, ಹಾಡುವ ಕೆಲಸ ಇವನ್ನೆಲ್ಲ ಎಳೆದುಕೊಂಡು ಮೂವರು ಗೆಳೆಯರು ನಗುತ್ತ ಮಾತಾಡುತ್ತಾರೆ. ಇದನ್ನೇ ರೆಕಾರ್ಡ್ ಮಾಡಿದರೆ ಪಾಡ್‌ಕಾಸ್ಟ್ ಆಯಿತಲ್ಲ ಎಂದು ಶುರು ಮಾಡುವವರು ಬಹಳ. ರೆಕಾರ್ಡಿಂಗ್ ಹೊತ್ತಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿರುತ್ತಾರೆ. ಅದನ್ನೇ ಬೇರೆಯವರಿಗೆ ಕೇಳಿಸಿದರೆ ಹತ್ತು ನಿಮಿಷಕ್ಕೆ ಇಯರ್‌ಫೋನ್ ಕಿವಿಯಿಂದ ಇಳಿಯುತ್ತದೆ. ಇನ್ನೂ ಒಳ್ಳೆಯ ಮೈಕ್ ತಂದು ಮತ್ತೆ ಮಾಡುತ್ತಾರೆ. ಮತ್ತೆ ಅದೇ ಕತೆ.

ತೊಂದರೆ ಇರುವುದು ಒಂದೇ ಕಡೆ. ಗೆಳೆಯರಿಗೆ ಒಬ್ಬರ ಬಗ್ಗೆ ಒಬ್ಬರಿಗೆ ಗೊತ್ತಿರುವ ನೂರೆಂಟು ಸಂಗತಿ ಕೇಳುಗರಿಗೆ ಗೊತ್ತಿರುವುದಿಲ್ಲ. ಕತೆ ಬಾಯಿಗೆ ಬರುವ ಮೊದಲೇ ಗೆಳೆಯರು ನಕ್ಕುಬಿಡುತ್ತಾರೆ, ಕೇಳುಗರು ಬಾಗಿಲ ಹೊರಗೇ ನಿಂತಿರುತ್ತಾರೆ. ಕೆಳಗಿನ ಪ್ರತಿ ಹಂತವೂ, ಮೈಕಿನದ್ದಾಗಲಿ ಎಡಿಟಿಂಗಿನದ್ದಾಗಲಿ, ಅವರನ್ನು ಒಳಗೆ ಕರೆದು ಕೂರಿಸುವ ಕೆಲಸಕ್ಕೇ ಇದೆ.

ಕ್ರಮ ತಪ್ಪಿಸಬೇಡಿ. ಜನ, ವಿಷಯ, ಮಿತಿ, ಆಮೇಲೆ ಸಲಕರಣೆ. ಬಹುಪಾಲು ಜನ ಇದನ್ನು ತಲೆಕೆಳಗು ಮಾಡಿ, ಸಲಕರಣೆಯಿಂದ ಶುರು ಮಾಡಿ, ವಿಷಯವನ್ನು ರೆಕಾರ್ಡಿಂಗ್ ಗುಂಡಿ ಒತ್ತಿದ ಮೇಲೆ ಹುಡುಕುತ್ತಾರೆ.

ಹಂತ 1: ಯಾರು ಕೂರಬೇಕು, ಯಾರಿಗೆ ಯಾವ ಕೆಲಸ

ಇಬ್ಬರು ಅಥವಾ ಮೂವರು ಸಾಕು. ನಾಲ್ಕನೆಯವರು ಬಂದರೆ ಕೇಳುಗರಿಗೆ ದನಿ ಗುರುತಿಸುವುದೇ ಒಂದು ಕೆಲಸವಾಗುತ್ತದೆ. ಮುಖ ಕಾಣದ ಮಾತಿನಲ್ಲಿ ಯಾರು ಹೇಳಿದ್ದು ಎಂದು ತಿಳಿಯದಿದ್ದರೆ ತಮಾಷೆ ಅರ್ಧ ಸತ್ತಂತೆಯೇ.

ಮೂವರಲ್ಲಿ ಒಬ್ಬರ ಕೈಯಲ್ಲಿ ದಾರ ಇರಲಿ. ಮಾತು ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವ ಕತೆ ಇನ್ನೂ ಬಾಕಿ ಇದೆ, ಹೊತ್ತು ಎಷ್ಟಾಯಿತು ಎಂದು ನೋಡಿಕೊಳ್ಳುವವರು ಇವರು. ಇನ್ನೊಬ್ಬರು ಅವತ್ತಿನ ಮುಖ್ಯ ಕತೆಯನ್ನು ಹೇಳುವವರು. ಮೂರನೆಯವರದ್ದು ಬಹಳ ಮುಖ್ಯವಾದ, ಯಾರೂ ಗಮನ ಕೊಡದ ಕೆಲಸ: ಕೇಳುಗರ ಪರವಾಗಿ ಕೇಳುವುದು. "ತಡಿ ತಡಿ, ಅವರು ಯಾರು? ನಿಂಗೆ ಹೇಗೆ ಪರಿಚಯ?" ಎಂದು ನಡುವೆ ಬಾಯಿ ಹಾಕುವವರು. ಇಬ್ಬರೇ ಇದ್ದರೆ ದಾರ ಹಿಡಿದವರೇ ಇದನ್ನೂ ಮಾಡಬೇಕು. ಕಂತಿನಿಂದ ಕಂತಿಗೆ ಪಾತ್ರ ಬದಲಾಗಲಿ. ಒಂದು ಕಂತಿನೊಳಗೆ ಬದಲಾಗುವುದು ಬೇಡ.

ಎಚ್ಚರಿಕೆ ಒಂದಿದೆ. ಮೂವರೂ ಎಲ್ಲದಕ್ಕೂ ಒಪ್ಪುವವರಾದರೆ ಮಾತು ಬೇಗ ಸೊರಗುತ್ತದೆ. "ಹೌದು ಹೌದು, ನಂಗೂ ಹಾಗೇ ಅನ್ಸಿದ್ದು" ಎನ್ನುವ ಸಾಲು ಐದು ನಿಮಿಷದಲ್ಲಿ ಮೂರು ಸಲ ಬಂದರೆ ಆ ವಿಷಯ ಬಿಟ್ಟು ಮುಂದೆ ಹೋಗಿ. ಸ್ವಭಾವದಲ್ಲೇ ಒಬ್ಬರಿಗೊಬ್ಬರು ಸ್ವಲ್ಪ ಉಲ್ಟಾ ಇರುವ ಗೆಳೆಯರು ಇಲ್ಲಿ ಬಂಗಾರ: ಒಬ್ಬ ಎಲ್ಲವನ್ನೂ ಮುಂದೂಡುವವನು, ಇನ್ನೊಬ್ಬಳು ಪಟ್ಟಿ ಮಾಡಿ ಮುಗಿಸುವವಳು. ಜಗಳ ಹುಡುಕಬೇಕಿಲ್ಲ, ತಾನಾಗಿಯೇ ಬರುತ್ತದೆ.

ಹಂತ 2: ವಿಷಯವನ್ನು ಘಟನೆಯಿಂದ ಹಿಡಿಯುವುದು

ಸೋಲುವವರು ಹೆಚ್ಚಾಗಿ ಇಲ್ಲೇ ಸೋಲುವುದು. ಹಾಗಾಗಿ ಇದಕ್ಕೆ ಹೆಚ್ಚು ಹೊತ್ತು ಕೊಡಿ.

"ಈ ವಾರ ಕಲೆ ಮತ್ತು ಸಮಾಜದ ಬಗ್ಗೆ ಮಾತಾಡೋಣ" ಎಂದು ಕೂತರೆ ಮೂವರೂ ಭಾಷಣಕ್ಕೆ ಇಳಿಯುತ್ತಾರೆ. ಭಾಷಣದಲ್ಲಿ ನಗು ಹುಟ್ಟುವುದು ಕಷ್ಟ. ದೊಡ್ಡ ಮಾತನ್ನು ಬದಿಗಿಟ್ಟು, ಒಬ್ಬರಿಗೆ ನಿಜವಾಗಿ ಆದ ಒಂದು ಸಣ್ಣ ಘಟನೆಯಿಂದ ಶುರು ಮಾಡಿ. ಬರೆಯಲು ಕೂತವನು ಮೊದಲು ಮೇಜಿನ ಡ್ರಾಯರ್ ಸ್ವಚ್ಛ ಮಾಡಿದ್ದು, ಆಮೇಲೆ ಪುಸ್ತಕದ ಕಪಾಟು ಜೋಡಿಸಿದ್ದು, ಸಂಜೆಯಾದಾಗ ಮನೆ ಥಳಥಳ ಹೊಳೆಯುತ್ತಿದ್ದು ಒಂದು ಸಾಲೂ ಆಗದೆ ಇದ್ದದ್ದು. ಇಂಥದ್ದು.

ಘಟನೆಯಿಂದ ಮುಂದಕ್ಕೆ ಹೋಗುವ ದಾರಿ ಹೀಗಿರಲಿ. ಮೊದಲು ನಡೆದದ್ದನ್ನು ಪೂರ್ತಿ ಹೇಳಿ. ನಂತರ ಇದು ನಮ್ಮೊಬ್ಬರ ಕತೆಯೋ, ಎಲ್ಲರೂ ಹೀಗೇ ಮಾಡುತ್ತಾರೋ ಎಂಬ ಪ್ರಶ್ನೆ ಬರಲಿ. ಸಮಾಜ ಒಳಗೆ ಬರುವುದು ಈ ಬಾಗಿಲಿಂದ. ಕೊನೆಗೆ ಇದರಿಂದ ನಮ್ಮ ಕೆಲಸಕ್ಕೆ ಏನಾಗುತ್ತದೆ ಎನ್ನುವಲ್ಲಿಗೆ ಬನ್ನಿ. ಬರೆಯುವ ಭಯವೇ ಕಸಬರಿಗೆ ಹಿಡಿಸಿತೋ ಏನೋ ಎಂದು ಆ ಹೊತ್ತಿಗೆ ಯಾರಾದರೂ ಹೇಳಿದರೆ ಅದು ಹೃದಯಕ್ಕೆ ತಾಗುತ್ತದೆ, ಯಾಕೆಂದರೆ ಅಷ್ಟರಲ್ಲಿ ಕೇಳುಗರು ನಕ್ಕು ಹಗುರಾಗಿರುತ್ತಾರೆ. ಇದೇ ಮಾತನ್ನು ಮೊದಲ ನಿಮಿಷದಲ್ಲಿ ಹೇಳಿದರೆ ಉಪದೇಶವಾಗುತ್ತದೆ.

ಕತೆಯನ್ನು ಕಟ್ಟುವ ಬಗೆ ಒಂದು ಉದಾಹರಣೆಯಿಂದ ನೋಡೋಣ. ಗೆಳೆಯರು ತಮ್ಮೊಳಗೆ ಮಾತಾಡಿಕೊಂಡಾಗ ಅದು ಹೀಗಿರುತ್ತದೆ:

"ಲೋ, ಅವತ್ತು ಇವಳ ಮುಖ ನೋಡ್ಬೇಕಿತ್ತು ಕಣೋ!"
"ಫ್ರೇಮು! ಅಯ್ಯೋ, ಆ ಫ್ರೇಮು!"
"ಸಾಕು ನಿಲ್ಸಿ ಮಾರಾಯ್ರೇ, ಹೊಟ್ಟೆ ನೋಯ್ತಿದೆ."

ಮೂವರೂ ಬಿದ್ದು ಬಿದ್ದು ನಗುತ್ತಿದ್ದಾರೆ. ಕೇಳುಗರ ಕೈಗೆ ಸಿಕ್ಕಿದ್ದು ಒಂದು ಮುಖ, ಒಂದು ಫ್ರೇಮು. ಇದೇ ಘಟನೆಯನ್ನು ಹೇಳಬೇಕಾದ್ದು ಹೀಗೆ:

"ಆರು ತಿಂಗಳು ಬಿಡಿಸಿದ ಚಿತ್ರ. ಗೋಡೆಗೆ ಹಾಕಿದ ದಿನ ಸಂಬಂಧಿಕರೊಬ್ಬರು ಬಂದ್ರು. ಹತ್ತಿರ ಹೋಗಿ ನೋಡಿದ್ರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ್ರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೀನಿ."
"ಏನಂದ್ರು?"
"'ಚೆನ್ನಾಗಿದೆ ಕಣಮ್ಮ... ಫ್ರೇಮ್ ಎಲ್ಲಿ ಹಾಕಿಸಿದ್ದು?'"

ವ್ಯತ್ಯಾಸ ಎಲ್ಲಿದೆ ನೋಡಿ. ಆರು ತಿಂಗಳು ಎಂಬ ಮಾತು ಮುಂಚೆಯೇ ಬಂದಿದೆ, ಆ ಶ್ರಮ ಗೊತ್ತಿಲ್ಲದಿದ್ದರೆ ಕೊನೆಯ ಪ್ರಶ್ನೆಗೆ ಚುರುಕೇ ಇರುವುದಿಲ್ಲ. ಕನ್ನಡಕ ಒರೆಸಿಕೊಂಡದ್ದು ಆಸೆ ಹುಟ್ಟಿಸುತ್ತದೆ. "ಏನಂದ್ರು?" ಎಂಬ ಗೆಳೆಯನ ಪ್ರಶ್ನೆ ಕೇಳುಗರ ಬಾಯಿಂದ ಬಂದ ಪ್ರಶ್ನೆ. ನಗು ಹುಟ್ಟಿಸುವ ಪ್ರಶ್ನೆ ಕತೆಯ ಕೊನೆಗಿದೆ, ಅದರ ಮೇಲೆ ಒಂದು ಪದವೂ ಹೆಚ್ಚಿಲ್ಲ.

ಇಷ್ಟಾದ ಮೇಲೆ "ಫ್ರೇಮು" ಎನ್ನುವುದು ಕೇಳುಗರದ್ದೂ ಆಯಿತು. ಅರ್ಧ ಗಂಟೆ ಕಳೆದು ಇನ್ನೊಬ್ಬನು ತನ್ನ ಹೊಸ ಕವಿತೆಯ ಬಗ್ಗೆ ಹೇಳುವಾಗ ಯಾರಾದರೂ ಮೆಲ್ಲಗೆ "ಫ್ರೇಮ್ ಚೆನ್ನಾಗಿದೆ" ಎಂದರೆ ಸಾಕು, ಕೇಳುವವರೂ ಜೊತೆಗೇ ನಗುತ್ತಾರೆ. ಹಳೆಯ ಒಳಜೋಕುಗಳನ್ನು ಮನೆಯಲ್ಲಿ ಬಿಟ್ಟು ಬನ್ನಿ, ಕಂತಿನೊಳಗೇ ಹೊಸತನ್ನು ಹುಟ್ಟಿಸಿ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಅಪಾಯದ ಗುರುತುಗಳು: "ಜನ ಹೀಗಾಗಿಬಿಟ್ಟಿದ್ದಾರೆ", "ಈ ಕಾಲವೇ ಹೀಗೆ", "ನಿಜವಾದ ಕಲೆ ಅಂದ್ರೆ..." ಎಂದು ಶುರುವಾಗುವ ವಾಕ್ಯಗಳು. ಇವು ಬಂದ ಕೂಡಲೇ ಮೂರನೆಯವರು ಕೇಳಬೇಕಾದದ್ದು: "ಯಾವಾಗ ಹಾಗಾಯ್ತು, ಒಂದು ಸಲದ್ದು ಹೇಳು."

ಹಂತ 3: ಒಂದು ಹಾಳೆ, ಅದರಲ್ಲಿ ಆರೇ ಸಾಲು

ಪೂರ್ತಿ ಬರೆದುಕೊಂಡು ಓದಬೇಡಿ. ಓದುವ ದನಿ ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಏನೂ ಬರೆದುಕೊಳ್ಳದೆಯೂ ಕೂರಬೇಡಿ.

ಒಂದು ಹಾಳೆಯಲ್ಲಿ ಇಷ್ಟು ಇರಲಿ: ಶುರುವಿನ ಸಾಲು, ಮೂರು ಘಟನೆಗಳ ಹೆಸರು, ಮಾತು ಬತ್ತಿದರೆ ಕೇಳಲು ಒಂದು ಪ್ರಶ್ನೆ, ಮುಗಿಸುವ ಕತೆ ಯಾವುದು ಎಂಬ ಗುರುತು. ಘಟನೆಗಳನ್ನು ಒಂದೊಂದು ಪದದಲ್ಲಿ ಬರೆಯಿರಿ. "ಡ್ರಾಯರ್", "ಫ್ರೇಮು", ಇಷ್ಟೇ. ಕತೆ ಹೇಳುವವರ ತಲೆಯಲ್ಲಿ ಇರುತ್ತದೆ.

ಇನ್ನೊಂದು ನಿಯಮ ಕಟ್ಟುನಿಟ್ಟಾಗಿ ಪಾಲಿಸಿ: ಅವತ್ತಿನ ಕತೆಗಳನ್ನು ರೆಕಾರ್ಡಿಂಗಿಗೆ ಮುಂಚೆ ಒಬ್ಬರಿಗೊಬ್ಬರು ಹೇಳಬೇಡಿ. ಮೊದಲ ಸಲ ಕೇಳಿದಾಗಿನ ನಗುವಿಗೂ ಎರಡನೇ ಸಲದ ನಗುವಿಗೂ ಇರುವ ವ್ಯತ್ಯಾಸ ಮೈಕಿಗೆ ಸ್ಪಷ್ಟವಾಗಿ ಕೇಳುತ್ತದೆ. ಫೋನಿನಲ್ಲಿ "ಒಂದು ಮಜಾ ವಿಷಯ ಇದೆ" ಎಂದು ಗೆಳತಿ ಶುರು ಮಾಡಿದರೆ "ಇಟ್ಕೋ, ಶನಿವಾರ ಹೇಳು" ಎನ್ನಿ. ದಾರ ಹಿಡಿದವರಿಗೆ ಘಟನೆಯ ಹೆಸರು ಮಾತ್ರ ಗೊತ್ತಿದ್ದರೆ ಸಾಕು.

ಹಂತ 4: ಯಾರ ಮೇಲೆ ನಗುತ್ತೇವೆ ಎಂದು ಮೊದಲೇ ತೀರ್ಮಾನಿಸುವುದು

ಖಾಸಗಿ ಹರಟೆಯಲ್ಲಿ ನಡೆಯುವುದೆಲ್ಲ ರೆಕಾರ್ಡಿನಲ್ಲಿ ನಡೆಯುವುದಿಲ್ಲ. ಮನೆಯವರು, ಕಚೇರಿಯವರು, ಹಳೆಯ ಪ್ರೇಮಿಗಳು, ಪಕ್ಕದ ಮನೆಯವರು ಎಲ್ಲರೂ ಕತೆಯೊಳಗೆ ಬರುತ್ತಾರೆ, ಅವರ್ಯಾರೂ ಮೈಕಿನ ಮುಂದೆ ಕೂತಿಲ್ಲ. ಹೆಸರು ಬಿಟ್ಟುಬಿಟ್ಟರೆ ಸಾಕು ಎಂದುಕೊಳ್ಳುವುದು ತಪ್ಪು. ಹೆಸರು, ಊರು, ಕೆಲಸ ಈ ಮೂರರಲ್ಲಿ ಎರಡು ಹೊರಬಿದ್ದರೆ ಪರಿಚಿತರಿಗೆ ಗುರುತು ಸಿಕ್ಕಿಬಿಡುತ್ತದೆ. ಕತೆಗೆ ಬೇಕಿಲ್ಲದ ಗುರುತನ್ನು ಬದಲಾಯಿಸಿ. ಬದಲಾಯಿಸಿದರೆ ಕತೆಯೇ ಬಿದ್ದುಹೋಗುತ್ತದೆ ಎನ್ನುವಂತಿದ್ದರೆ ಆ ವ್ಯಕ್ತಿಯ ಒಪ್ಪಿಗೆ ಪಡೆಯಿರಿ, ಸಿಗದಿದ್ದರೆ ಕತೆ ಬಿಡಿ.

ನಗುವಿನ ಮೊನೆ ಯಾರ ಕಡೆ ತಿರುಗಿದೆ ಎಂಬುದನ್ನೂ ನೋಡಿ. ಆ ಮನುಷ್ಯ ಇಲ್ಲೇ ನಾಲ್ಕನೇ ಕುರ್ಚಿಯಲ್ಲಿ ಕೂತಿದ್ದರೆ ಜೊತೆಗೆ ನಗುತ್ತಿದ್ದನೇ? ಫ್ರೇಮ್ ಕೇಳಿದ ಸಂಬಂಧಿಕರು ನಗಬಹುದು. ಯಾರದೋ ಬಡತನ, ಮೈಬಣ್ಣ, ಉಚ್ಚಾರ, ಕಾಯಿಲೆ ಎಳೆದು ತಂದ ತಮಾಷೆಗೆ ಅವರು ನಗುವುದಿಲ್ಲ, ಅಂಥ ಮಾತು ಕೇಳಿಸಿಕೊಂಡು ಸಾಕಾದ ಕೇಳುಗರೂ ನಗುವುದಿಲ್ಲ. ಸಮಾಜದ ಬಗ್ಗೆ ನಗುವುದು ಎಂದರೆ ಮೇಲೆ ಕೂತವರ ಠೇಂಕಾರದ ಮೇಲೆ, ಎಲ್ಲರೂ ಒಪ್ಪಿಕೊಂಡ ಪೊಳ್ಳುತನದ ಮೇಲೆ ನಗುವುದು. ಇದರಲ್ಲಿ ನಾನು ರಾಜಿಗೆ ಬರುವವನಲ್ಲ.

ರೆಕಾರ್ಡಿಂಗಿಗೆ ಕೂರುವ ಮುನ್ನವೇ ಒಂದು ಒಪ್ಪಂದ ಮಾಡಿಕೊಳ್ಳಿ: ಬಿಡುಗಡೆಗೆ ಮುಂಚೆ ಮೂವರಲ್ಲಿ ಯಾರು "ಇದನ್ನು ತೆಗೀರಿ" ಎಂದರೂ ಕಾರಣ ಕೇಳದೆ ತೆಗೆಯುವುದು. ಈ ಭರವಸೆ ಇದ್ದರೆ ಮಾತು ಸಲೀಸಾಗಿ ಬರುತ್ತದೆ. ಇಲ್ಲದಿದ್ದರೆ ಎಲ್ಲರೂ ಒಳಗೊಳಗೇ ತಡೆದುಕೊಂಡು ಮಾತಾಡುತ್ತಾರೆ, ಅಥವಾ ಬಿಡುಗಡೆಯಾದ ಮೇಲೆ ಗೆಳೆತನವೇ ಹಳಸುತ್ತದೆ.

ಹಂತ 5: ಸಲಕರಣೆ ಮತ್ತು ಕೋಣೆ

ಬೇಕಾದದ್ದು ಇಷ್ಟು: ತಲೆಗೊಂದು ಮೈಕ್, ಎಲ್ಲ ಮೈಕುಗಳನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ (ಒಬ್ಬೊಬ್ಬರ ದನಿಗೆ ಒಂದೊಂದು ಸಾಲು) ಹಿಡಿಯುವ ರೆಕಾರ್ಡರ್ ಅಥವಾ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಕಿವಿ ಮುಚ್ಚುವ ಹೆಡ್‌ಫೋನ್, ಮೈಕ್ ಸ್ಟ್ಯಾಂಡ್, ಬಾಯಿಯ ಗಾಳಿ ಹೊಡೆತ ತಡೆಯುವ ಪಾಪ್ ಫಿಲ್ಟರ್.

ಮೈಕ್ ಡೈನಮಿಕ್ ಬಗೆಯದ್ದಾಗಿರಲಿ, ಅದರಲ್ಲೂ ಮುಂದಿನ ದನಿಯನ್ನು ಹಿಡಿದು ಹಿಂದಿನದನ್ನು ಬಿಡುವ ಕಾರ್ಡಿಯಾಯ್ಡ್ ಇರಲಿ. ಕಂಡೆನ್ಸರ್ ಮೈಕ್ ಸೂಕ್ಷ್ಮ, ಅದು ಸ್ಟುಡಿಯೋದಲ್ಲಿ ಚೆಂದ. ಮನೆಯ ಕೋಣೆಯಲ್ಲಿ ಅದು ಫ್ಯಾನು, ರಸ್ತೆ, ಪಕ್ಕದವನ ನಗು ಎಲ್ಲವನ್ನೂ ಹಿಡಿದಿಡುತ್ತದೆ. ಒಂದೇ ಮೈಕನ್ನು ಮೇಜಿನ ನಡುವೆ ಇಟ್ಟು ಮೂವರೂ ಸುತ್ತ ಕೂರುವುದಂತೂ ಬೇಡವೇ ಬೇಡ. ಒಬ್ಬರು ಪಿಸುಗುಟ್ಟಿದ ಜಾಣಮಾತಿನ ಮೇಲೆ ಇನ್ನೊಬ್ಬರು ನಕ್ಕರೆ ಒಂದೇ ಟ್ರ್ಯಾಕಿನಲ್ಲಿ ಎರಡನ್ನೂ ಬಿಡಿಸುವುದು ಬಹಳ ಕಷ್ಟ.

ಬಾಯಿಂದ ಮೈಕಿಗೆ 10ರಿಂದ 15 ಸೆಂಟಿಮೀಟರ್ ಅಂತರ. ನೇರ ಎದುರಿಗೆ ಇಡದೆ ತುಸು ಓರೆಯಾಗಿಟ್ಟರೆ ಪ, ಬ, ಫ ಅಕ್ಷರಗಳ ಗಾಳಿ ಹೊಡೆತ ತಗ್ಗುತ್ತದೆ. ಒಬ್ಬರ ಮೈಕಿನಿಂದ ಇನ್ನೊಬ್ಬರ ಮೈಕಿಗೆ ಇರುವ ದೂರ, ಬಾಯಿಂದ ಮೈಕಿಗಿರುವ ದೂರದ ಮೂರು ಪಟ್ಟಾದರೂ ಇರಬೇಕು. ಹತ್ತಿರವಾದರೆ ಒಂದೇ ದನಿ ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ, ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ.

ಕೋಣೆ ಸಣ್ಣದಿರಲಿ, ಸಾಮಾನು ತುಂಬಿರಲಿ. ದಪ್ಪ ಪರದೆ, ಹಾಸಿಗೆ, ಪುಸ್ತಕದ ಕಪಾಟು, ಬಟ್ಟೆಯ ಬೀರು ಇವೆಲ್ಲ ಪ್ರತಿಧ್ವನಿ ಕುಡಿಯುತ್ತವೆ. ಬರಿ ಗೋಡೆಯ ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಝಣ್ ಎಂದು ಉಳಿದುಕೊಂಡರೆ ಆ ಕೋಣೆ ಬೇಡ. ಪ್ರತಿಧ್ವನಿಯನ್ನು ಆಮೇಲೆ ತೆಗೆಯುವುದು ಗೊಣಗುಟ್ಟುವ ಫ್ಯಾನಿನ ಸದ್ದು ತೆಗೆಯುವುದಕ್ಕಿಂತ ಕಷ್ಟ. ಗಾಲಿ ಇರುವ, ಕಿರುಗುಟ್ಟುವ ಕುರ್ಚಿ ಹೊರಗಿಡಿ. ಫೋನುಗಳು ಏರೋಪ್ಲೇನ್ ಮೋಡಿನಲ್ಲಿರಲಿ.

ಹಂತ 6: ಮಟ್ಟವನ್ನು ನಗುವಿನಿಂದ ಹೊಂದಿಸುವುದು

"ಹಲೋ ಹಲೋ, ಒಂದು ಎರಡು ಮೂರು" ಎಂದು ಹೇಳಿಸಿ ಗೇನ್ (ಮೈಕಿನ ದನಿ ಎಷ್ಟು ಜೋರಾಗಿ ದಾಖಲಾಗಬೇಕೆಂಬ ಮಟ್ಟ) ಹೊಂದಿಸಿದರೆ ಮೊದಲ ತಮಾಷೆಗೇ ಟ್ರ್ಯಾಕ್ ಒಡೆಯುತ್ತದೆ. ಮಾತಿಗಿಂತ ನಗು ಎಷ್ಟೋ ಜೋರು. ನಗುವಿನ ಕಂತಿಗೆ ಪರೀಕ್ಷೆಯೂ ನಗುವಿನಲ್ಲೇ ಆಗಬೇಕು.

ಪ್ರತಿಯೊಬ್ಬರೂ ತಮ್ಮ ಸಹಜ ದನಿಯಲ್ಲಿ ಅರ್ಧ ನಿಮಿಷ ಮಾತಾಡಲಿ, ಆಮೇಲೆ ಬಾಯಿಬಿಟ್ಟು ಜೋರಾಗಿ ನಗಲಿ. ಮೀಟರಿನಲ್ಲಿ ಮಾತು ಮೈನಸ್ 18ರಿಂದ ಮೈನಸ್ 12 ಡೆಸಿಬಲ್ ನಡುವೆ ಆಡುತ್ತಿರಲಿ, ನಗು ಮೈನಸ್ 6 ದಾಟದಿರಲಿ. ಸೊನ್ನೆ ಮುಟ್ಟಿ ಕೆಂಪು ದೀಪ ಹತ್ತಿತೆಂದರೆ ದನಿಯ ತುದಿ ಕತ್ತರಿಸಿಹೋಯಿತೆಂದೇ ಅರ್ಥ. ಸದ್ದು ಕಡಿಮೆಯಾಗಿದ್ದರೆ ಆಮೇಲೆ ಏರಿಸಬಹುದು, ಒಡೆದ ನಗುವನ್ನು ಸರಿ ಮಾಡುವುದು ಕಷ್ಟ.

ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಈ ಲೆಕ್ಕದಲ್ಲಿ ಒಂದು ಮೊನೊ (ಒಂದೇ ಚಾನಲ್ಲಿನ) ಟ್ರ್ಯಾಕಿಗೆ ಗಂಟೆಗೆ ಸುಮಾರು 520 ಎಂಬಿ, ಮೂವರಿಗೆ ಒಂದೂವರೆ ಜಿಬಿ. ಕಾರ್ಡಿನಲ್ಲಿ ಜಾಗ, ಬ್ಯಾಟರಿಯಲ್ಲಿ ಚಾರ್ಜ್ ಇದೆಯೇ ಎಂದು ನೋಡಿಕೊಂಡೇ ಕೂರಿ. ಕೂತ ಮೇಲೆ ಒಂದು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಹೆಡ್‌ಫೋನಿನಲ್ಲಿ ಕೇಳಿ. ಮೀಟರ್ ಕುಣಿಯುತ್ತಿದೆ ಎಂದ ಮಾತ್ರಕ್ಕೆ ರೆಕಾರ್ಡ್ ಆಗುತ್ತಿದೆ ಎಂದಲ್ಲ.

ಹಂತ 7: ರೆಕಾರ್ಡಿಂಗ್

ಮೊದಲು ಎಲ್ಲರೂ ಸುಮ್ಮನೆ ಕೂತು 30 ಸೆಕೆಂಡ್ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿ. ಎಡಿಟಿಂಗಿನಲ್ಲಿ ಗದ್ದಲ ಕಡಿಮೆ ಮಾಡಲು, ಕತ್ತರಿಸಿದ ಜಾಗ ತುಂಬಲು ಇದೇ ಬೇಕು. ಬಹಳ ಜನ ಇದನ್ನು ಮರೆಯುತ್ತಾರೆ.

ನಂತರ ಹತ್ತು ನಿಮಿಷ ಏನಾದರೂ ಮಾತಾಡಿ, ಆದರೆ ಗುಂಡಿ ಒತ್ತಿಯೇ ಇರಲಿ. ಗಂಟಲು ಬಿಚ್ಚಿಕೊಳ್ಳುವುದು, ಮೈಕಿನ ಮುಂದಿನ ಬಿಗುಮಾನ ಹೋಗುವುದು ಈ ಹೊತ್ತಿನಲ್ಲಿ. ಎಷ್ಟೋ ಸಲ ಕಂತಿನ ಒಳ್ಳೆಯ ಸಾಲು ಇಲ್ಲೇ ಸಿಗುತ್ತದೆ. "ಶುರು ಮಾಡೋಣ್ವಾ?" ಎಂದು ಕೇಳಿ ಗುಂಡಿ ಒತ್ತಿದರೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು ಆಕಾಶವಾಣಿಯ ದನಿ ತೆಗೆಯುತ್ತಾರೆ.

ಸನ್ನೆಗಳನ್ನು ಮೊದಲೇ ಮಾತಾಡಿಕೊಳ್ಳಿ. ಬೆರಳೆತ್ತಿದರೆ ನನಗೊಂದು ಮಾತಿದೆ ಎಂದು, ಅಂಗೈ ತೋರಿಸಿದರೆ ಅವಳಿಗೆ ಮುಗಿಸಲು ಬಿಡು ಎಂದು, ಗಾಳಿಯಲ್ಲಿ ಬೆರಳು ಸುತ್ತಿಸಿದರೆ ಮುಂದಕ್ಕೆ ಹೋಗು ಎಂದು. ಸನ್ನೆ ಇಲ್ಲದ ಕಡೆ ಮಾತಿನ ಮೇಲೆ ಮಾತು ಬೀಳುತ್ತದೆ. ಸ್ವಲ್ಪ ಬಿದ್ದರೆ ಅದು ಗೆಳೆತನದ ಸದ್ದು, ತೆಗೆಯಬೇಕಿಲ್ಲ. ಕತೆಯ ಕೊನೆಯ ಸಾಲಿನ ಮೇಲೆ ಬಿದ್ದರೆ ಮಾತ್ರ ಕತೆ ಹೋಯಿತು. ಯಾರಾದರೂ ಕೊನೆಯ ಸಾಲಿಗೆ ಬರುತ್ತಿದ್ದಾರೆ ಎಂದು ಗೊತ್ತಾದಾಗ ಉಳಿದವರು ಬಾಯಿ ಬಿಗಿಹಿಡಿಯುವುದು ಅಭ್ಯಾಸವಾಗಬೇಕು. ನಗು ತಡೆಯಲಾಗದಿದ್ದರೆ ಮೈಕಿನಿಂದ ಮುಖ ಹಿಂದಕ್ಕೆ ತೆಗೆದುಕೊಳ್ಳಿ.

ಸಾಲು ಯಾವುದಾದರೂ ಕೆಟ್ಟರೆ, ಹೆಸರು ಬಾಯಿತಪ್ಪಿ ಬಂದರೆ, ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ ಮತ್ತೆ ಹೇಳಿ. ಟ್ರ್ಯಾಕಿನಲ್ಲಿ ಆ ಚಪ್ಪಾಳೆ ಎತ್ತರದ ಮುಳ್ಳಿನಂತೆ ಎದ್ದು ಕಾಣುತ್ತದೆ, ಹುಡುಕುವ ಶ್ರಮವಿಲ್ಲ.

40 ನಿಮಿಷದ ಕಂತಿಗೆ ಒಂದು ಗಂಟೆಗಿಂತ ತುಸು ಹೆಚ್ಚು ರೆಕಾರ್ಡ್ ಮಾಡಿದರೆ ಸಾಕು. ಎರಡು ಗಂಟೆ ಎಳೆದರೆ ಎಡಿಟ್ ಮಾಡುವವರು ಮುಂದಿನ ತಿಂಗಳು ಫೋನ್ ಎತ್ತುವುದಿಲ್ಲ. ಗೆಳೆಯರು ಮಾತಾಡಿದ್ದನ್ನೇ ಮತ್ತೆ ಮಾತಾಡಲು ಶುರು ಮಾಡಿದರೆ, ನೀರು ಕುಡಿಯಲು ಪದೇ ಪದೇ ಎದ್ದರೆ, ಅವತ್ತಿಗೆ ಮುಗಿಯಿತು ಎಂದು ತಿಳಿಯಿರಿ.

ಒಬ್ಬರು ದೂರದಲ್ಲಿದ್ದರೆ

ಝೂಮ್‌ನಂಥ ವಿಡಿಯೋ ಕರೆಯ ದನಿಯನ್ನೇ ರೆಕಾರ್ಡ್ ಮಾಡಿ ಬಳಸುವುದು ಹರಟೆಗೆ ಹೊಂದುವುದಿಲ್ಲ. ಒಬ್ಬರು ಮಾತಾಡುವಾಗ ಉಳಿದವರ ನಗುವನ್ನು ಆ ತಂತ್ರಾಂಶ ಗದ್ದಲ ಎಂದು ತಿಳಿದು ಒತ್ತಿಬಿಡುತ್ತದೆ. ಕರೆ ಇರಲಿ, ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಕಡೆ ತಮ್ಮ ಮೈಕನ್ನು ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಕೊಳ್ಳಲಿ. ಕರೆಯ ದನಿ ಹೆಡ್‌ಫೋನಿನಲ್ಲಿ ಮಾತ್ರ ಕೇಳಲಿ, ಸ್ಪೀಕರಿನಲ್ಲಿ ಬಂದರೆ ಅದು ಮತ್ತೆ ಮೈಕಿಗೆ ಹೋಗುತ್ತದೆ.

ಶುರುವಿನಲ್ಲಿ ಮೂರು ಎಣಿಸಿ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿ, ಕೊನೆಯಲ್ಲಿ ಇನ್ನೊಮ್ಮೆ ತಟ್ಟಿ. ಮೊದಲನೆಯದು ಟ್ರ್ಯಾಕುಗಳನ್ನು ಸಾಲಾಗಿ ಜೋಡಿಸಲು. ಎರಡನೆಯದು ಯಾಕೆಂದರೆ ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಗಂಟೆಯ ಕೊನೆಗೆ ಸೆಕೆಂಡಿನ ಹತ್ತನೇ ಒಂದು ಭಾಗ ಜಾರಿದರೂ ನಗು ತಮಾಷೆಗಿಂತ ಮುಂಚೆ ಬಂದ ಹಾಗೆ ಕೇಳಬಹುದು. ಹಾಗೆ ಜಾರಿದ್ದರೆ ಮೌನದ ಜಾಗಗಳಲ್ಲಿ ಟ್ರ್ಯಾಕ್ ಕತ್ತರಿಸಿ ಸ್ವಲ್ಪ ಸ್ವಲ್ಪವೇ ಸರಿಸಿ.

ಹಂತ 8: ಎಡಿಟಿಂಗ್, ಮೊದಲ ಸುತ್ತು ಮಾತಿಗೆ

ಮೂಲ ಫೈಲುಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟ ಮೇಲೆಯೇ ಕೈ ಹಾಕಿ. ತಂತ್ರಾಂಶಕ್ಕೆ ಖರ್ಚು ಮಾಡಬೇಕಿಲ್ಲ, ಉಚಿತವಾಗಿ ಸಿಗುವ ಆಡಾಸಿಟಿ ಸಾಕು.

ಎರಡು ದಿನ ಬಿಟ್ಟು ಒಮ್ಮೆ ಪೂರ್ತಿ ಕೇಳಿ. ಕತ್ತರಿಸಬೇಡಿ, ಬರೆದುಕೊಳ್ಳಿ. ಯಾವ ನಿಮಿಷದಲ್ಲಿ ನಕ್ಕಿರಿ, ಎಲ್ಲಿ ಮನಸ್ಸು ಬೇರೆಡೆ ಹೋಯಿತು, ಎಲ್ಲಿ ಹೊಸಬರಿಗೆ ಅರ್ಥವಾಗದ ಹೆಸರು ಬಂತು. ಆಮೇಲೆ ಎಡಿಟಿಂಗ್ ಶುರು ಮಾಡಿ.

ತೆಗೆಯಬೇಕಾದದ್ದು ದೊಡ್ಡ ತುಂಡುಗಳನ್ನು. ಮೊದಲ ಕತೆಯವರೆಗಿನ ಪೀಠಿಕೆ, ಎಲ್ಲಿಗೂ ಮುಟ್ಟದ ಕತೆಗಳು, ಒಪ್ಪಿಗೆಯ ಸಾಲುಗಳು, ಎರಡನೇ ಸಲ ಹೇಳಿದ ಅದೇ ಮಾತು, ಮೂವರಿಗೆ ಮಾತ್ರ ಗೊತ್ತಿರುವ ಪ್ರಸಂಗ. ವಿವರಿಸಲು ಮರೆತ ಹೆಸರೊಂದು ಇಡೀ ಕತೆಗೆ ಅಡ್ಡ ಬಂದರೆ, ಕತೆ ಹೇಳಿದವರಿಂದಲೇ ಒಂದು ಸಾಲು ಮತ್ತೆ ಹೇಳಿಸಿ, ಅದೇ ಮೈಕ್, ಅದೇ ಕೋಣೆಯಲ್ಲಿ ರೆಕಾರ್ಡ್ ಮಾಡಿ ಸೇರಿಸಿ.

ಮುಟ್ಟಬಾರದ್ದು ಸಣ್ಣ ತುಂಡುಗಳು. ಮೌನವನ್ನು ತಾನಾಗಿ ಕತ್ತರಿಸುವ ಸೌಲಭ್ಯ ಹಲವು ತಂತ್ರಾಂಶಗಳಲ್ಲಿ ಇರುತ್ತದೆ. ಹರಟೆಗೆ ಅದು ವಿಷ. "ಚೆನ್ನಾಗಿದೆ ಕಣಮ್ಮ" ಎಂಬುದಕ್ಕೂ "ಫ್ರೇಮ್ ಎಲ್ಲಿ ಹಾಕಿಸಿದ್ದು" ಎಂಬುದಕ್ಕೂ ನಡುವೆ ಇರುವ ಒಂದು ಸೆಕೆಂಡಿನಲ್ಲೇ ಇಡೀ ತಮಾಷೆ ಇದೆ. ಅದು ಹೋದರೆ ಉಳಿಯುವುದು ಮಾಹಿತಿ. ಹಾಗೆಯೇ "ಅಂದ್ರೆ", "ಏನಂದ್ರೆ", "ಮತ್ತೆ" ಎಂಬ ತಡವರಿಕೆಗಳನ್ನೆಲ್ಲ ಹೆಕ್ಕಿ ತೆಗೆದರೆ ಮನುಷ್ಯರ ದನಿಯೇ ಹೋಗಿಬಿಡುತ್ತದೆ. ಕಿವಿಗೆ ಚುಚ್ಚುವಷ್ಟು ಬಂದದ್ದನ್ನು ಮಾತ್ರ ತೆಗೆಯಿರಿ.

ನಗುವಿನ ಬಾಲ ಎಷ್ಟು ಉದ್ದ ಬಿಡಬೇಕು? ಕೇಳುಗರು ನಕ್ಕು ಮುಗಿಸುವಷ್ಟು. ಎರಡು ಮೂರು ಸೆಕೆಂಡ್ ಸಾಕಾಗುತ್ತದೆ. ಮೂವರೂ ಅರ್ಧ ನಿಮಿಷ ನಕ್ಕಿದ್ದರೆ ಶುರು ಮತ್ತು ಕೊನೆ ಇಟ್ಟುಕೊಂಡು ನಡುವನ್ನು ತೆಗೆಯಿರಿ. ಸೇರಿಸಿದ ಜಾಗದಲ್ಲಿ ಒಂದರ ಮೇಲೊಂದು ಕರಗುವಂತೆ ಕ್ರಾಸ್‌ಫೇಡ್ ಕೊಡಿ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ನಗು ಬಿದ್ದಿದ್ದರೆ ನಗುವನ್ನು ಅಳಿಸಬೇಡಿ, ಆ ಟ್ರ್ಯಾಕನ್ನು ಆ ಜಾಗದಲ್ಲಿ 6ರಿಂದ 10 ಡೆಸಿಬಲ್ ಇಳಿಸಿ. ಪ್ರತ್ಯೇಕ ಟ್ರ್ಯಾಕ್ ಬೇಕೆಂದು ಹಟ ಹಿಡಿದದ್ದು ಇದಕ್ಕೇ.

ಹಂತ 9: ಎರಡನೇ ಸುತ್ತು, ಸದ್ದಿಗೆ

ಇಲ್ಲಿ ಹೆಚ್ಚು ಮಾಡುವುದೇ ತಪ್ಪು. ಕ್ರಮ ಮಾತ್ರ ಇದೇ ಇರಲಿ.

ಮೊದಲು ಗದ್ದಲ ಕಡಿತ, ಕೋಣೆಯ ಮೌನವನ್ನು ಮಾದರಿಯಾಗಿ ತೋರಿಸಿ, ಅತ್ಯಂತ ಹಗುರವಾಗಿ. ದನಿ ನೀರಿನಡಿಯಿಂದ ಬಂದಂತೆ ಕೇಳಿದರೆ ಜಾಸ್ತಿಯಾಯಿತು. ಎರಡನೆಯದು 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯುವ ಹೈಪಾಸ್ ಫಿಲ್ಟರ್, ಮೇಜು ತಟ್ಟಿದ ಗುಡುಗುಡು ಇಲ್ಲಿ ಹೋಗುತ್ತದೆ. ಮೂರನೆಯದು ಕಂಪ್ರೆಸರ್, 3:1 ಅನುಪಾತ ಸಾಕು. ಪಿಸುಮಾತಿಗೂ ಕೂಗಿಗೂ ಇರುವ ಅಂತರ ತಗ್ಗುತ್ತದೆ. ಕಂಪ್ರೆಸರನ್ನು ಗದ್ದಲ ಕಡಿತಕ್ಕೆ ಮುಂಚೆ ಹಾಕಿದರೆ ಗದ್ದಲವೂ ಮೇಲೆದ್ದು ಬರುತ್ತದೆ. ನಾಯ್ಸ್ ಗೇಟ್ ಬೇಡ, ಅದು ಸಣ್ಣ ನಗು, ಉಸಿರು, "ಹ್ಞೂಂ" ಎಲ್ಲವನ್ನೂ ಬಾಗಿಲು ಮುಚ್ಚಿದಂತೆ ಕತ್ತರಿಸುತ್ತದೆ.

ಕೊನೆಗೆ ಒಟ್ಟು ಕಂತಿನ ಲೌಡ್‌ನೆಸ್ (ಕಿವಿಗೆ ಒಟ್ಟಾರೆ ಎಷ್ಟು ಜೋರು ಎಂಬುದು) ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಅದನ್ನು ಅಳೆಯುವ ಮಾನ) ತನ್ನಿ, ಶಿಖರ ಮೈನಸ್ 1 ಡೆಸಿಬಲ್ ದಾಟದಿರಲಿ. ಆಪಲ್ ಪಾಡ್‌ಕಾಸ್ಟ್ಸ್ ಶಿಫಾರಸು ಮಾಡುವುದು ಇದನ್ನೇ. ಅಗ್ಗದ ಇಯರ್‌ಫೋನಿನಲ್ಲಿ, ಫೋನಿನ ಸ್ಪೀಕರಿನಲ್ಲಿ, ಗದ್ದಲದ ರಸ್ತೆಯಲ್ಲಿ ಒಮ್ಮೊಮ್ಮೆ ಕೇಳಿ ನೋಡಿ. ಕೇಳುಗರು ಕೇಳುವುದು ಅಲ್ಲೆಲ್ಲ.

ಹಂತ 10: ಹೊರಗಿನ ಒಂದು ಕಿವಿ

ನಿಮ್ಮ ಮೂವರಲ್ಲಿ ಒಬ್ಬರನ್ನೂ ಸರಿಯಾಗಿ ಅರಿಯದ ಒಬ್ಬರಿಗೆ ಕೇಳಿಸಿ. ಸಾಧ್ಯವಾದರೆ ಪಕ್ಕದಲ್ಲೇ ಕೂತುಕೊಳ್ಳಿ, ಆದರೆ ಏನನ್ನೂ ವಿವರಿಸಬೇಡಿ. "ಈಗ ಬರುತ್ತೆ ನೋಡಿ" ಎಂದೂ ಹೇಳಬೇಡಿ. ಅವರು ನಕ್ಕ ನಿಮಿಷ, ಫೋನಿನ ಕಡೆ ಕೈ ಹೋದ ನಿಮಿಷ, ಎರಡನ್ನೂ ಬರೆದುಕೊಳ್ಳಿ. "ಹೇಗಿತ್ತು?" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ಅದರ ಬದಲು "ಮೂವರಲ್ಲಿ ಯಾರು ಏನು ಕೆಲಸ ಮಾಡುವವರು ಅನ್ನಿಸಿತು?", "ಯಾವ ಕತೆ ನೆನಪಿದೆ?" ಎಂದು ಕೇಳಿ. ಉತ್ತರ ತಡವರಿಸಿದರೆ 8ನೇ ಹಂತಕ್ಕೆ ವಾಪಸ್ ಹೋಗಿ. ಹೊಸ ಮೈಕ್ ಹುಡುಕಲು ಹೋಗಬೇಡಿ.

ಹಂತ 11: ಬಿಡುಗಡೆ

ಎಂಪಿ3 ಆಗಿ ರಫ್ತು ಮಾಡಿ. ಸ್ಟೀರಿಯೋ ಆದರೆ 128 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್), ಆಗ ನಿಮಿಷಕ್ಕೆ ಸುಮಾರು 1 ಎಂಬಿ. ಬರಿಯ ಮಾತಿಗೆ ಮೊನೊ, 64ರಿಂದ 96 ಕೆಬಿಪಿಎಸ್ ಸಾಕು. ಪಾಡ್‌ಕಾಸ್ಟ್ ಹೋಸ್ಟಿಂಗ್ ಸೇವೆಯೊಂದರಲ್ಲಿ ಏರಿಸಿದರೆ ಅದು ಆರ್‌ಎಸ್‌ಎಸ್ ಫೀಡ್ (ಕಂತುಗಳ ಪಟ್ಟಿಯನ್ನು ಆ್ಯಪ್‌ಗಳಿಗೆ ತಲುಪಿಸುವ ಕೊಂಡಿ) ಕೊಡುತ್ತದೆ. ಆ ಫೀಡಿನ ವಿಳಾಸವನ್ನು ಆಪಲ್ ಪಾಡ್‌ಕಾಸ್ಟ್ಸ್, ಸ್ಪಾಟಿಫೈ ಮೊದಲಾದ ಕಡೆ ಒಮ್ಮೆ ನೋಂದಾಯಿಸಿದರೆ ಮುಂದಿನ ಕಂತುಗಳು ತಾವಾಗಿ ಹೋಗುತ್ತವೆ. ಮುಖಚಿತ್ರ ಚೌಕವಾಗಿರಲಿ, 3000 ಪಿಕ್ಸೆಲ್ ಅಗಲ ಎತ್ತರ. ಉಗುರಿನಷ್ಟು ಚಿಕ್ಕದಾದರೂ ಹೆಸರು ಓದುವಂತಿರಲಿ. ಹಿನ್ನೆಲೆಗೆ ಸಿನಿಮಾ ಹಾಡಿನ ತುಣುಕು ಹಾಕಬೇಡಿ, ಹಕ್ಕು ನಿಮ್ಮದಲ್ಲ. ಗೆಳೆಯರಲ್ಲೇ ಯಾರಾದರೂ ನುಡಿಸುವವರಿದ್ದರೆ ಹತ್ತು ಸೆಕೆಂಡ್ ನುಡಿಸಲಿ.

ಕಂತಿನ ಹೆಸರು "ಕಂತು 4: ಕಲೆ ಮತ್ತು ಬದುಕು" ಎಂದಿದ್ದರೆ ಯಾರೂ ಒತ್ತುವುದಿಲ್ಲ. "ಫ್ರೇಮ್ ಎಲ್ಲಿ ಹಾಕಿಸಿದ್ದು?" ಎಂದಿಡಿ.

ಬಿಡುಗಡೆಯ ನಂತರ ಎಷ್ಟು ಜನ ಕೇಳಿದರು ಎಂಬ ಅಂಕಿಯನ್ನು ದಿನವೂ ನೋಡುತ್ತ ಕೂರಬೇಡಿ. ನೋಡಬೇಕಾದದ್ದು ಯಾವ ನಿಮಿಷದಲ್ಲಿ ಜನ ಬಿಟ್ಟುಹೋದರು ಎಂಬ ಗೆರೆಯನ್ನು. ಸ್ಪಾಟಿಫೈ, ಆಪಲ್ ಎರಡೂ ಇದನ್ನು ತೋರಿಸುತ್ತವೆ. ಗೆರೆ ಮೊದಲ ಐದು ನಿಮಿಷದಲ್ಲೇ ಕುಸಿದಿದ್ದರೆ ಪೀಠಿಕೆ ಉದ್ದವಾಗಿದೆ. ನಡುವೆ ಒಂದು ಕಡೆ ಥಟ್ಟನೆ ಇಳಿದಿದ್ದರೆ ಆ ನಿಮಿಷಕ್ಕೆ ಹೋಗಿ ಕೇಳಿ. ಅಲ್ಲಿ ಮೂವರು ಗೆಳೆಯರು ತಮಗೆ ಮಾತ್ರ ಗೊತ್ತಿರುವ ಯಾವುದೋ ಸಂಗತಿಗೆ ನಗುತ್ತಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಗುರುತು ಹಾಕಿಕೊಂಡು ಮುಂದಿನ ಕಂತಿನ ಹಾಳೆಯ ತಲೆಯ ಮೇಲೆ ಬರೆಯಿರಿ.